ಕೇಳಿಸಿದ್ದು ಮತ್ತು ತಿಳಿದದ್ದು: ಎರಡನೆಯ ಭಾಷೆಯ ತರಗತಿಯಲ್ಲಿ ಕಿವಿಯ ಪಾಠ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಭಾಷಾ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟಿದ್ದಾರೆ. ಹಾಗಾಗಿ ಭಾಷೆಯ ಹಿರಿಮೆ, ಭಾಷೆಯ ಅಳಿವು ಉಳಿವು ಎಂಬ ದೊಡ್ಡ ಮಾತುಗಳಿಗೆ ನಾನು ಹೋಗುವುದಿಲ್ಲ. ನಲವತ್ತು ನಿಮಿಷದ ಒಂದು ಪೀರಿಯಡ್‌ನಲ್ಲಿ, ಕನ್ನಡ ಮನೆಮಾತಲ್ಲದ ಮಕ್ಕಳ ಮುಂದೆ ನಿಂತ ಅಧ್ಯಾಪಕರು ಏನು ಮಾಡಬಹುದು ಎಂಬಷ್ಟಕ್ಕೇ ನನ್ನ ಮಾತು.

ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ಪಟ್ಟಿ ಬಿ.ಎಡ್. ಮಾಡಿದವರಿಗೆಲ್ಲ ಬಾಯಿಪಾಠ. ಪಟ್ಟಿಯಲ್ಲಿ ಆಲಿಸುವುದಕ್ಕೆ ಮೊದಲ ಸ್ಥಾನ. ವೇಳಾಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 100 ಅಂಕದ ಲಿಖಿತ ಪರೀಕ್ಷೆ, 25 ಅಂಕದ ಆಂತರಿಕ ಮೌಲ್ಯಮಾಪನ. ದ್ವಿತೀಯ ಭಾಷೆಗೆ 80 ಮತ್ತು 20. ಆ ಲಿಖಿತ ಪರೀಕ್ಷೆಯಲ್ಲಿ ಕಿವಿಗೆ ಒಂದೂ ಪ್ರಶ್ನೆಯಿಲ್ಲ. ಆಂತರಿಕ ಅಂಕಗಳು ಯಾವುದಕ್ಕೆ ಹೇಗೆ ಬೀಳುತ್ತವೆ ಎಂಬುದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪರೀಕ್ಷೆಯಲ್ಲಿ ಬಾರದ್ದು ಪಾಠದಲ್ಲಿ ಬಾರದು ಎಂಬ ನಮ್ಮ ಶಾಲೆಗಳ ಅಲಿಖಿತ ನಿಯಮ ಇಲ್ಲಿಯೂ ನಡೆದುಬಂದಿದೆ.

ಹಾಗೆಂದು ಯಾರೂ ಏನೂ ಮಾಡುತ್ತಿಲ್ಲ ಎಂದರೆ ಅನ್ಯಾಯವಾದೀತು. ಆಸಕ್ತಿಯಿರುವ ಅಧ್ಯಾಪಕರು ಆಗಾಗ 'ಆಲಿಸುವ ಚಟುವಟಿಕೆ' ಮಾಡಿಸುತ್ತಾರೆ. ಒಂದು ಗದ್ಯಭಾಗವನ್ನು ಗಟ್ಟಿಯಾಗಿ ಓದುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಒಂದು ಕಥೆ ಹಾಕುತ್ತಾರೆ. ಆಮೇಲೆ ಐದು ಪ್ರಶ್ನೆ. ಮೂರು ಸರಿ ಬಂದವನಿಗೆ ಮೂರು ಅಂಕ, ಐದು ಬಂದವಳಿಗೆ ಐದು. ಅಲ್ಲಿಗೆ ಚಟುವಟಿಕೆ ಮುಗಿಯಿತು. ನನ್ನ ತಕರಾರು ಇರುವುದು ಇಲ್ಲೇ. ಈ ಕೆಲಸದಲ್ಲಿ ಪರೀಕ್ಷೆ ಇದೆ, ಪಾಠ ಇಲ್ಲ. ಮೂರು ಅಂಕ ಪಡೆದ ಹುಡುಗನಿಗೆ ಉಳಿದೆರಡು ಉತ್ತರ ಯಾಕೆ ತಪ್ಪಿತು? ಆ ಪದ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಮಾತಿನ ರಭಸದಲ್ಲಿ ಗುರುತು ಸಿಗಲಿಲ್ಲವೇ? ಗುರುತು ಸಿಕ್ಕಿಯೂ ಅದನ್ನೇ ಯೋಚಿಸುತ್ತ ಮುಂದಿನ ವಾಕ್ಯ ತಪ್ಪಿಹೋಯಿತೇ? ಮೂರೂ ಬೇರೆ ಬೇರೆ ಕಾಯಿಲೆ. ಅಂಕ ಕೊಟ್ಟು ಮುಂದೆ ಹೋದರೆ ಮೂರಕ್ಕೂ ಔಷಧ ಸಿಗುವುದಿಲ್ಲ. ಬ್ರಿಟನ್ನಿನ ಜಾನ್ ಫೀಲ್ಡ್ ಎಂಬ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಗ್ಲಿಷ್ ತರಗತಿಗಳ ಬಗ್ಗೆ ಇದೇ ಆಕ್ಷೇಪ ಎತ್ತಿದ್ದರು. ಪ್ರಪಂಚದ ತುಂಬ ಆಲಿಸುವಿಕೆಯನ್ನು ಅಳೆಯುತ್ತಿದ್ದೇವೆಯೇ ಹೊರತು ಕಲಿಸುತ್ತಿಲ್ಲ ಎಂಬುದು ಅವರ ವಾದದ ತಿರುಳು. ವಿದೇಶಕ್ಕೆ ಹೋಗುವವರಿಗೆ ಐಇಎಲ್‌ಟಿಎಸ್ ಕೋಚಿಂಗ್ ಕೊಡುವ ಕಡೆ ಇದು ಇನ್ನೂ ಢಾಳಾಗಿ ಕಾಣುತ್ತದೆ. ಆ ಪರೀಕ್ಷೆಯ ಆಲಿಸುವ ಭಾಗದಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಧ್ವನಿಮುದ್ರಣ ಕೇಳಿಸುವುದು ಒಂದೇ ಸಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದರ ಮೇಲೊಂದು ಹಾಕಿ ಕೇಳಿಸುವುದೇ ಅಲ್ಲಿ ಬೋಧನೆ ಎನಿಸಿಕೊಳ್ಳುತ್ತದೆ. ತಕ್ಕಡಿಯಲ್ಲಿ ದಿನವೂ ನಿಲ್ಲಿಸಿದ ಮಾತ್ರಕ್ಕೆ ಮಗುವಿನ ತೂಕ ಹೆಚ್ಚುವುದಿಲ್ಲ.

ಈಗ ನಮ್ಮ ಕನ್ನಡಕ್ಕೆ ಬರೋಣ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಬಂದ ಮೇಲೆ ರಾಜ್ಯದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯವಾಯಿತು. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಎಂದರೆ ಬೆಂಗಳೂರಿನ ಒಂದು ಸಾಮಾನ್ಯ ಶಾಲೆಯ ಕನ್ನಡ ತರಗತಿಯಲ್ಲಿ ಹಿಂದಿ, ತಮಿಳು, ತೆಲುಗು, ಉರ್ದು, ಮಲಯಾಳಂ, ಬಂಗಾಳಿ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ನಾಲ್ಕು ವರ್ಷ ಕನ್ನಡ ಓದಿದ ಹುಡುಗಿ ಪುಸ್ತಕದ ಪಾಠವನ್ನು ತಪ್ಪಿಲ್ಲದೆ ಓದುತ್ತಾಳೆ, ಪ್ರಶ್ನೆಗೆ ಉತ್ತರ ಬರೆಯುತ್ತಾಳೆ, ತೊಂಬತ್ತರ ಮೇಲೆ ಅಂಕ ತೆಗೆಯುತ್ತಾಳೆ. ಆದರೆ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಇಬ್ಬರು ಹೆಂಗಸರು ಮಾತನಾಡುತ್ತಿದ್ದರೆ ಒಂದು ಮಾತೂ ಅವಳಿಗೆ ತಿಳಿಯುವುದಿಲ್ಲ. 'ಮಿಸ್, ಅವರು ಬೇರೆ ಕನ್ನಡ ಮಾತಾಡ್ತಾರೆ' ಎಂಬ ದೂರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಆ ಮಗುವಿನ ಮಾತಿನಲ್ಲಿ ಸತ್ಯವಿದೆ.

ಪುಸ್ತಕದಲ್ಲಿ ಅವಳು ಕಲಿತ ವಾಕ್ಯ ಹೀಗಿರುತ್ತದೆ: ನಾಳೆ ಬರುವುದಕ್ಕೆ ಆಗುವುದಿಲ್ಲ ಎಂದು ಹೇಳಿದರು. ಐದು ಬಿಡಿ ಪದ, ನಡುನಡುವೆ ಜಾಗ. ಗೇಟಿನ ಬಳಿ ಅವಳ ಕಿವಿಗೆ ಬೀಳುವುದು: ನಾಳೆ ಬರೋಕಾಗಲ್ಲಾಂತೇಳಿದ್ರು. ಮೊದಲ ಪದವನ್ನು ಬಿಟ್ಟರೆ ಉಳಿದ ನಾಲ್ಕೂ ಒಂದಾಗಿ ಹರಿದಿವೆ. 'ಹೇಳಿದರು' ತನ್ನ ಹಕಾರವನ್ನೇ ಕಳೆದುಕೊಂಡಿದೆ. ಈ ನಾಲ್ಕು ಪದಗಳೂ ಹುಡುಗಿಗೆ ಗೊತ್ತಿವೆ, ಕೇಳಿದರೆ ಅರ್ಥ ಹೇಳಬಲ್ಲಳು, ಆದರೆ ಈ ಪ್ರವಾಹದಲ್ಲಿ ಅವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂಬುದು ಅವಳಿಗೆ ಕಾಣುವುದಿಲ್ಲ. ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುತ್ತೇವೆ. ಮಾತಿನಲ್ಲಿ ಆ ಜಾಗ ಇರುವುದಿಲ್ಲ. ಗೊತ್ತಿರುವ ಭಾಷೆಯಲ್ಲಿ ನಮ್ಮ ಮನಸ್ಸೇ ಗೆರೆ ಎಳೆದುಕೊಳ್ಳುವುದರಿಂದ ಪದಗಳು ಬಿಡಿಬಿಡಿಯಾಗಿ ಕೇಳಿಸಿದಂತೆ ಅನ್ನಿಸುತ್ತದೆ. ಗೊತ್ತಿಲ್ಲದ ಭಾಷೆಯವರು 'ಬಹಳ ಜೋರಾಗಿ ಓಡುತ್ತಾ ಮಾತಾಡುತ್ತಾರೆ' ಎಂದು ನಮಗೆ ತೋರುವುದಕ್ಕೂ ಇದೇ ಕಾರಣ.

ಕನ್ನಡದ ವಿಷಯದಲ್ಲಿ ಇದಕ್ಕೆ ಇನ್ನೊಂದು ಕಗ್ಗಂಟು ಸೇರಿದೆ. ನಮ್ಮ ಬರಹದ ಕನ್ನಡಕ್ಕೂ ಆಡುಮಾತಿಗೂ ಅಂತರ ದೊಡ್ಡದು, ಮತ್ತು ಆ ಅಂತರ ಅರ್ಥಕ್ಕೆ ತೀರ ಮುಖ್ಯವಾದ ಕಡೆಗಳಲ್ಲೇ ಬೀಳುತ್ತದೆ. 'ಕರೆಂಟ್ ಬರಲ್ಲ', 'ಕರೆಂಟ್ ಬರ್ಲಿಲ್ಲ', 'ಕರೆಂಟ್ ಬಂದಿಲ್ಲ', 'ಕರೆಂಟ್ ಬರ್ತಿಲ್ಲ' ಎಂಬ ನಾಲ್ಕನ್ನು ಒಮ್ಮೆ ನೀವೇ ವೇಗವಾಗಿ ಹೇಳಿ ನೋಡಿ. ನಾಲ್ಕಕ್ಕೂ ನಾಲ್ಕು ಬೇರೆ ಸುದ್ದಿ. ವ್ಯತ್ಯಾಸ ಇರುವುದು ನಡುವಿನ ಒಂದು ವ್ಯಂಜನದಲ್ಲಿ, ಒಂದು ನುಂಗಿಹೋದ ಸ್ವರದಲ್ಲಿ. 'ಹೋಗ್ಬೇಕಂತೆ' ಮತ್ತು 'ಹೋಗ್ಬೇಡಂತೆ' ಎಂಬೆರಡರ ನಡುವೆ ಇರುವುದು ಒಂದೇ ಒಂದು ವ್ಯಂಜನ, ಪರಿಣಾಮ ಪೂರ್ತಿ ಉಲ್ಟಾ. 'ಮಾಡ್ಬೋದು', 'ಮಾಡ್ಬಾರ್ದು' ಎಂಬುವೂ ಹಾಗೆಯೇ. ಕಲಿಯುವವರು ಎಡವುವುದು ಅಪರೂಪದ ಪದಗಳಲ್ಲಿ ಎಂದು ನಾವು ಭಾವಿಸಿ ಪದಕೋಶ ಹೆಚ್ಚಿಸುತ್ತ ಹೋಗುತ್ತೇವೆ. ನಾನು ಕಂಡಂತೆ ಅವರು ಹೆಚ್ಚು ಎಡವುವುದು ಇಂಥ ಸಣ್ಣ, ದಿನಬಳಕೆಯ, ಕ್ರಿಯಾಪದದ ಬಾಲಗಳಲ್ಲಿ.

ಆಡುಮಾತಿನ ಈ ರೂಪಗಳನ್ನು ಕೂತು ವಿವರಿಸಿದವರು ಇಲ್ಲದಿಲ್ಲ. ಅಮೆರಿಕದ ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆಯನ್ನು ಬರೆದದ್ದು 1958ರಲ್ಲಿ, ಅದನ್ನು ಪ್ರಕಟಿಸಿದ್ದು ಪುಣೆಯ ಡೆಕ್ಕನ್ ಕಾಲೇಜು. ಹೆರಾಲ್ಡ್ ಶಿಫ್‌ಮನ್ ಅವರ ಆಡುಗನ್ನಡ ವ್ಯಾಕರಣ 1983ರದು. ಹೊರಗಿನವರು ಕಲಿಯಲು ಬಂದಾಗ ಅವರಿಗೆ ಮೊದಲು ಬೇಕಾದದ್ದು ಬೀದಿಯ ಮಾತು, ಹಾಗಾಗಿ ಅವರು ಅಲ್ಲಿಂದಲೇ ಶುರುಮಾಡಿದರು. ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಹುಟ್ಟಿದ ಮೇಲೆ ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಅಧ್ಯಾಪಕರು ಹತ್ತು ತಿಂಗಳು ಕೂತು ಕನ್ನಡ ಕಲಿತು ಹೋಗಿದ್ದಾರೆ. ಅಷ್ಟೆಲ್ಲ ಅನುಭವ ನಮ್ಮ ನೆಲದಲ್ಲೇ ಇದೆ. ಶಾಲೆಯ ದ್ವಿತೀಯ ಭಾಷೆಯ ಪಠ್ಯಪುಸ್ತಕಕ್ಕೆ ಮಾತ್ರ ಅದು ಸರಿಯಾಗಿ ಇಳಿದು ಬರಲಿಲ್ಲ. ಮಕ್ಕಳಿಗೆ 'ಕೆಟ್ಟ ಕನ್ನಡ' ಕಲಿಸಬಾರದು ಎಂಬ ಸಂಕೋಚ ಇದಕ್ಕೆ ಕಾರಣ ಎಂದು ನನ್ನ ಊಹೆ. 'ಬರೋಕಾಗಲ್ಲ' ಎಂದು ಬರೆಯಲು ಕಲಿಸಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೇಳಿ ಗುರುತಿಸಲು ಕಲಿಸದಿದ್ದರೆ ನಾವು ಆ ಮಗುವಿಗೆ ಕಲಿಸಿದ ಕನ್ನಡಕ್ಕೆ ಊರಿನಲ್ಲಿ ವಿಳಾಸವೇ ಇರುವುದಿಲ್ಲ.

ಕಿವಿಯ ಇನ್ನೊಂದು ಗುಣವನ್ನು ನಾವು ತಿಳಿದಿರಬೇಕು. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಪ್ರಸಿದ್ಧ. ಅವರು ಎತ್ತಿಕೊಂಡ ಧ್ವನಿಗಳಲ್ಲಿ ಒಂದು ಜೋಡಿ ಹಿಂದಿಯದು, ನಮಗೆ ತೀರ ಪರಿಚಿತವಾದ ತ ಮತ್ತು ಟ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ತ ಮತ್ತು ಟದ ವ್ಯತ್ಯಾಸವನ್ನು ಗುರುತಿಸುತ್ತಿದ್ದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಅದೇ ಮನೆಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ಆ ವ್ಯತ್ಯಾಸ ಹಿಡಿಯುತ್ತಿರಲಿಲ್ಲ. ಮೊದಲ ಹುಟ್ಟುಹಬ್ಬದೊಳಗೇ ಕಿವಿ ತನ್ನ ಮನೆಮಾತಿಗೆ ಒಗ್ಗಿಕೊಂಡು, ಬೇಡವೆಂದು ತೋರಿದ ಬಾಗಿಲುಗಳನ್ನು ಮುಚ್ಚಿಕೊಂಡಿರುತ್ತದೆ. ಬಾಗಿಲು ಮತ್ತೆ ತೆರೆಯುವುದೇ ಇಲ್ಲ ಎಂದು ಹೆದರಬೇಕಿಲ್ಲ, ತಳ್ಳಿದರೆ ತೆರೆಯುತ್ತದೆ. ಹೇಗೆ ತಳ್ಳಬೇಕು ಎಂಬುದಕ್ಕೂ ಒಂದು ಸುಳಿವು ಇದೆ. ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪಿಸೋನಿ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಜಪಾನೀಯರಿಗೆ ಇಂಗ್ಲಿಷಿನ ರ ಮತ್ತು ಲ ಧ್ವನಿಗಳನ್ನು ಬೇರ್ಪಡಿಸಿ ಕೇಳಲು ಕಲಿಸಿದರು. ಹಲವು ಜನರ ಕಂಠದಲ್ಲಿ ಕೇಳಿ ಅಭ್ಯಾಸ ಮಾಡಿದವರಿಗೆ ಆ ಕಲಿಕೆ ಹೊಸಬರ ಮಾತಿನಲ್ಲೂ ಕೈಹಿಡಿಯಿತು. ಒಬ್ಬರ ಕಂಠದಲ್ಲಷ್ಟೇ ಕೇಳಿದವರಿಗೆ ಅದು ಆ ಒಬ್ಬರಿಗೇ ಅಂಟಿಕೊಂಡಿತು.

ಇದರಿಂದ ನಮಗೆ ಬರುವ ಪಾಠ ಸ್ವಲ್ಪ ಇರುಸುಮುರುಸಿನದು. ವರ್ಷವಿಡೀ ತರಗತಿಯಲ್ಲಿ ಕೇಳಿಸುವುದು ಅಧ್ಯಾಪಕರೊಬ್ಬರ ದನಿ. ಅದೂ ತರಗತಿಗೆಂದು ತಿದ್ದಿ ತೀಡಿಕೊಂಡ ದನಿ. ಮಕ್ಕಳು ಆ ಮಿಸ್ಸಿನ ಕನ್ನಡವನ್ನು ಕಲಿಯುತ್ತಾರೆ. ಅವರ ಕಿವಿಗೆ ಅಜ್ಜನ ಗೊಗ್ಗರು ದನಿ ಬೇಕು, ಚಿಕ್ಕ ಮಕ್ಕಳ ತೊದಲು ಬೇಕು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಾತನಾಡುವವರ ಮಾತೂ ಬೇಕು.

ಯಾವ ಮಗುವಿಗೆ ಯಾವ ಧ್ವನಿ ಕಷ್ಟ ಎಂಬುದನ್ನು ಅದರ ಮನೆಮಾತು ನೋಡಿ ಮುಂಚೆಯೇ ಹೇಳಬಹುದು. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘದ ಭೇದ ಅರ್ಥ ಬದಲಿಸುವುದಿಲ್ಲ. ಆದ್ದರಿಂದ ಹಿಂದಿ ಮನೆಯ ಹುಡುಗನಿಗೆ ಬೆರೆ ಮತ್ತು ಬೇರೆ, ಒಲೆ ಮತ್ತು ಓಲೆ, ಕೆಡು ಮತ್ತು ಕೇಡು ಒಂದೇ. ಶಿಷ್ಟ ಹಿಂದಿಯಲ್ಲಿ ಳಕಾರವೂ ಇಲ್ಲ, ಹಾಗಾಗಿ ಅವನ ಸಾರಿಗೆ ಹುಳಿ ಜಾಸ್ತಿಯಾಗುವುದಿಲ್ಲ, ಹುಲಿ ಜಾಸ್ತಿಯಾಗುತ್ತದೆ. ತಮಿಳು ಮನೆಯ ಹುಡುಗಿಗೆ ಇವೆಲ್ಲ ಸಲೀಸು. ಅವಳ ತೊಡಕು ಬೇರೆ: ತಮಿಳಿನ ಲಿಪಿಯಲ್ಲಿ ಕ ಗ, ತ ದ ಎಂಬ ಬೇರೆ ಬೇರೆ ಅಕ್ಷರಗಳಿಲ್ಲ, ಗುರಿ ಕುರಿಯಾಗುವ ಸಂಭವ ಅಲ್ಲಿ ಹೆಚ್ಚು, ದಾಳಿ ತಾಳಿಯಾದರೂ ಆಶ್ಚರ್ಯವಿಲ್ಲ. ಬಂಗಾಳಿಯವರಿಗೆ ವ ಮತ್ತು ಬ ಕೂಡಿಕೊಳ್ಳುತ್ತವೆ. ತೆಲುಗಿನವರಿಗೆ ಧ್ವನಿಗಳ ಮಟ್ಟದಲ್ಲಿ ನಾವು ಹೆಚ್ಚೇನೂ ಹೇಳಿಕೊಡಬೇಕಿಲ್ಲ. ಹೀಗಿರುವಾಗ ಇಡೀ ತರಗತಿಗೆ ಒಂದೇ ಅಭ್ಯಾಸ ಕೊಟ್ಟು ಕೂರಿಸುವುದರಲ್ಲಿ ಅರ್ಧ ಮಕ್ಕಳ ಸಮಯ ವ್ಯರ್ಥವಾಗುತ್ತದೆ. ಹಾಗೆಂದು ಬೆಲೆ-ಬೆಳೆ, ಹಾಲು-ಹಾಳು, ಮನೆ-ಮಣೆ ಎಂದು ಜೋಡಿಪದಗಳನ್ನು ಪೀರಿಯಡ್ ಪೂರ್ತಿ ಹೇಳಿಸುವ ಉತ್ಸಾಹವೂ ಬೇಡ. ಐದು ನಿಮಿಷ ಸಾಕು. ಮಾತಿನ ನಡುವೆ ಬಂದಾಗ ಆ ಧ್ವನಿ ಹಿಡಿಯುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ, ಮತ್ತು ಅಲ್ಲಿ ಸಂದರ್ಭವೇ ಅರ್ಧ ಕೆಲಸ ಮಾಡುತ್ತದೆ. ಸಾರಿನಲ್ಲಿ ಹುಲಿ ಇರುವುದಿಲ್ಲ ಎಂದು ಯಾವ ಮಗುವಿಗಾದರೂ ಗೊತ್ತು.

ಇನ್ನು ವೇಗದ ಪ್ರಶ್ನೆ. ಹೊಸಬರಿಗೆ ಮಾತನಾಡುವಾಗ ನಾವೆಲ್ಲ ನಿಧಾನ ಮಾಡುತ್ತೇವೆ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿ ವಿಶೇಷ ಪ್ರಸಾರ ಶುರುಮಾಡಿದಾಗ ಸುಮಾರು 1,500 ಪದಗಳ ಮಿತಿ ಹಾಕಿಕೊಂಡು, ಚಿಕ್ಕ ವಾಕ್ಯಗಳಲ್ಲಿ, ಮಾಮೂಲಿ ವೇಗದ ಮೂರನೆಯ ಎರಡು ಭಾಗದಷ್ಟು ವೇಗದಲ್ಲಿ ಸುದ್ದಿ ಓದಿಸಿತು. ಲೋಕದ ತುಂಬ ಲಕ್ಷಾಂತರ ಜನ ಅದರಿಂದ ಇಂಗ್ಲಿಷ್ ಕಲಿತರು. ಆರಂಭಕ್ಕೆ ಅದು ಒಳ್ಳೆಯದೇ. ಆದರೆ ತರಗತಿಯಲ್ಲಿ ನಾವು ಮಾಡುವ ನಿಧಾನ ಬೇರೆ ಬಗೆಯದು. 'ನಾ-ಳೆ ಬ-ರು-ವು-ದ-ಕ್ಕೆ' ಎಂದು ಅಕ್ಷರ ಅಕ್ಷರ ಎಳೆಯುತ್ತೇವೆ. ಹಾಗೆ ಎಳೆದ ಮಾತು ಬೀದಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಕಿವಿಗೆ ಅದರಿಂದ ತರಬೇತಿಯಾಗುವುದಿಲ್ಲ. ಪದಗಳ ವೇಗವನ್ನು ಮುಟ್ಟದೆ, ಅರ್ಥದ ಒಂದು ತುಂಡು ಮುಗಿದ ಕಡೆ ಕೊಂಚ ಹೆಚ್ಚು ಹೊತ್ತು ನಿಲ್ಲುವುದು ಇದಕ್ಕಿಂತ ಎಷ್ಟೋ ಮೇಲು. ಆ ನಿಲುಗಡೆಯಲ್ಲಿ ಕೇಳುಗನಿಗೆ ಕೇಳಿದ್ದನ್ನು ಜೋಡಿಸಿಕೊಳ್ಳಲು ಬಿಡುವು ಸಿಗುತ್ತದೆ. ಒಂದು ಪದ ಸಿಕ್ಕಿಹಾಕಿಕೊಂಡಾಗ ಮುಂದಿನ ಮೂರು ಪದ ಜಾರಿಹೋಗುವುದೇ ಕಲಿಯುವವರ ದೊಡ್ಡ ಗೋಳು.

ಈ ನಿಲುಗಡೆಯ ವಿದ್ಯೆಯನ್ನು ಕನ್ನಡದವರು ಪರದೇಶದಿಂದ ತರಬೇಕಾಗಿಲ್ಲ. ನಮ್ಮ ಗಮಕಿಗಳು ಅದರಲ್ಲಿ ಪಳಗಿದವರು. ಷಟ್ಪದಿಯಲ್ಲಿ ಪಾದದ ಕೊನೆಗೆ ಪದ ಮುಗಿಯಲೇಬೇಕೆಂದಿಲ್ಲ, ಒಂದೇ ಪದ ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಕೂತಿರುತ್ತದೆ. ಸಂಧಿಯಾಗಿ ಬೆಸೆದುಕೊಂಡ ಪದಗಳಂತೂ ಹೆಜ್ಜೆಹೆಜ್ಜೆಗೆ. ಛಂದಸ್ಸನ್ನು ನೋಡಿಕೊಂಡು ಓದಿದರೆ ಕೇಳುವವರಿಗೆ ಏನೂ ಆಗದು. ಒಳ್ಳೆಯ ಗಮಕಿ ಪದಚ್ಛೇದವನ್ನು ಅರ್ಥಕ್ಕೆ ತಕ್ಕಂತೆ ಮಾಡುತ್ತಾನೆ, ಮುಖ್ಯವಾದ ತುಂಡನ್ನು ಮತ್ತೆ ಹಾಡುತ್ತಾನೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರ ಅದನ್ನು ಇಂದಿನ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಅಕ್ಷರ ಬಾರದ ಹಳ್ಳಿಯ ಜನ ಕುಮಾರವ್ಯಾಸನನ್ನು ರಾತ್ರಿಯೆಲ್ಲ ಕೇಳಿ ತಿಳಿದದ್ದು ಈ ಜೋಡಿಯಿಂದ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಗಮಕಕ್ಕಾಗಿ ಪದ್ಮಶ್ರೀ ಬಂದಾಗ ನಾವು ಅದನ್ನು ಕಲೆಗೆ ಸಂದ ಗೌರವವೆಂದು ಸಂತೋಷಪಟ್ಟೆವು. ಅದರಲ್ಲಿ ಒಂದು ಶಿಕ್ಷಣ ಪದ್ಧತಿಯೂ ಇದೆ ಎಂದು ಬಿ.ಎಡ್. ಕಾಲೇಜುಗಳು ಇನ್ನೂ ಗಮನಿಸಿದಂತಿಲ್ಲ. ಮೊದಲು ಕೇಳುವುದು, ಬಿಡಿಸಿಕೊಳ್ಳುವುದು, ಬಿಡಿಸಿಕೊಂಡ ಕಿವಿಯಿಂದ ಅದನ್ನೇ ಮತ್ತೊಮ್ಮೆ ಕೇಳುವುದು. ಆ ಕೊನೆಯ 'ಮತ್ತೊಮ್ಮೆ' ನಮ್ಮ ತರಗತಿಯಲ್ಲಿ ಬಿಟ್ಟುಹೋಗಿದೆ. ಉತ್ತರ ಸಿಕ್ಕಿದ ತಕ್ಷಣ ಧ್ವನಿಮುದ್ರಣ ನಿಲ್ಲಿಸಿಬಿಡುತ್ತೇವೆ, ಆದರೆ ಕಿವಿ ಕಲಿಯುವುದು ಅರ್ಥ ಗೊತ್ತಾದ ಮೇಲೆ ಮತ್ತೆ ಕೇಳಿದಾಗ.

ಈಗ ನನ್ನ ಮುಖ್ಯ ಸಲಹೆಗೆ ಬರುತ್ತೇನೆ. ಹೊಸ ಸಲಕರಣೆ ಬೇಡ, ಲ್ಯಾಂಗ್ವೇಜ್ ಲ್ಯಾಬ್ ಬೇಡ. ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಉಕ್ತಲೇಖನವನ್ನೇ ಎತ್ತಿಕೊಳ್ಳೋಣ. ಉಕ್ತಲೇಖನ ಹೆಸರಿಗೆ ಕೇಳಿ ಬರೆಯುವ ಪಾಠ. ನಡೆದುಬಂದ ರೀತಿಯಲ್ಲಿ ಅದು ಕಾಗುಣಿತದ ಪರೀಕ್ಷೆ. ಮೇಷ್ಟ್ರು ಒಂದೊಂದೇ ಪದವನ್ನು ಒತ್ತಿ ಒತ್ತಿ ಹೇಳುತ್ತಾರೆ, 'ಪೂರ್ಣವಿರಾಮ' ಎನ್ನುತ್ತಾರೆ, ಆಮೇಲೆ ಕೆಂಪು ಶಾಯಿ, ತಪ್ಪಿದ ಪದ ಹತ್ತು ಸಲ ಬರೆಯುವ ಶಿಕ್ಷೆ. ಕೇಳುವ ಕಷ್ಟವನ್ನೆಲ್ಲ ಮೇಷ್ಟ್ರೇ ಮೊದಲು ತೆಗೆದುಹಾಕಿರುವುದರಿಂದ ಮಗುವಿಗೆ ಉಳಿಯುವುದು ಬರೆಯುವ ಕಷ್ಟ ಮಾತ್ರ.

ಇದನ್ನು ತಿರುಗಿಸಿ ಹಾಕಬೇಕು. ಬೀದಿಯ ಸಹಜ ಮಾತಿನ ಅರ್ಧ ನಿಮಿಷದ ಒಂದು ತುಣುಕು ತನ್ನಿ. ಹೂ ಮಾರುವವರ ಜೊತೆಗಿನ ಚೌಕಾಸಿ, ಶಾಲೆಯ ವ್ಯಾನ್ ಚಾಲಕರು ತಡವಾದುದಕ್ಕೆ ಕೊಡುವ ವಿವರಣೆ, ಆಫೀಸಿನ ಅಟೆಂಡರ್ ಫೋನಿನಲ್ಲಿ ಹೇಳುವ ಮಾತು, ಯಾವುದಾದರೂ ಸರಿ. ಅವರನ್ನು ಕೇಳಿ, ಒಪ್ಪಿದರೆ ನಿಮ್ಮ ಮೊಬೈಲಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಯಾರು, ಎಲ್ಲಿ, ಯಾವ ವಿಷಯಕ್ಕೆ ಮಾತನಾಡುತ್ತಿದ್ದಾರೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಬದುಕಿನಲ್ಲಿ ನಾವು ಯಾವ ಮಾತನ್ನೂ ಕಣ್ಣು ಕಟ್ಟಿಕೊಂಡು ಕೇಳುವುದಿಲ್ಲವಲ್ಲ. ಮೊದಲ ಸಲ ಸುಮ್ಮನೆ ಕೇಳಲಿ, ಪೆನ್ನು ಕೆಳಗಿರಲಿ. ಎರಡನೆಯ ಸಲ ಸಿಕ್ಕಿದಷ್ಟನ್ನು ಬರೆದುಕೊಳ್ಳಲಿ, ತುಂಡುತುಂಡಾಗಿದ್ದರೂ ಅಡ್ಡಿಯಿಲ್ಲ. ಆಮೇಲೆ ಇಬ್ಬರು ಮೂವರು ಸೇರಿ ತಮ್ಮ ತುಂಡುಗಳನ್ನು ಕೂಡಿಸಿ ಮಾತನ್ನು ಮತ್ತೆ ಕಟ್ಟಲಿ. ರುತ್ ವಾಜ್ನ್ರಿಬ್ ಎಂಬುವರು 1990ರಲ್ಲಿ ಇಂಗ್ಲಿಷ್ ತರಗತಿಗಳಿಗಾಗಿ ರೂಪಿಸಿಕೊಟ್ಟ ಡಿಕ್ಟೋಗ್ಲಾಸ್ ಎಂಬ ವಿಧಾನಕ್ಕೂ ಇದಕ್ಕೂ ನಂಟಿದೆ. ಗುಂಪಿನ ಜಗಳದಲ್ಲೇ ಅರ್ಧ ಪಾಠ ಆಗಿಹೋಗುತ್ತದೆ. 'ಬರಲ್ಲ ಅಂದ್ರು', 'ಇಲ್ಲ, ಬರ್ಲಿಲ್ಲ ಅಂದ್ರು' ಎಂದು ಇಬ್ಬರು ಮಕ್ಕಳು ವಾದ ಮಾಡಿದರೆ ಅದಕ್ಕಿಂತ ಒಳ್ಳೆಯ ವ್ಯಾಕರಣ ಪಾಠ ನನಗೆ ಗೊತ್ತಿಲ್ಲ. ಮಧ್ಯಸ್ಥಿಕೆಗೆ ನೀವು ಹೋಗಬೇಡಿ, ಆ ಎರಡು ಸೆಕೆಂಡನ್ನು ಮತ್ತೆ ಮತ್ತೆ ಕೇಳಿಸಿ. ತೀರ್ಪನ್ನು ಅವರ ಕಿವಿಯೇ ಕೊಡಲಿ.

ಕೊನೆಯಲ್ಲಿ ಮಾತಿನ ಪೂರ್ತಿ ಬರಹ ರೂಪವನ್ನು ಬೋರ್ಡಿನ ಮೇಲೆ ಬರೆದು, ಅದನ್ನು ನೋಡುತ್ತ ಒಮ್ಮೆ, ನೋಡದೆ ಒಮ್ಮೆ ಕೇಳಿಸಬೇಕು. ಗಮಕಿಯ 'ಮತ್ತೊಮ್ಮೆ' ಇದೇ.

ಆಮೇಲೆ ಮಕ್ಕಳು ಬರೆದ ಹಾಳೆಗಳು. ಅಧ್ಯಾಪಕರಿಗೆ ಅದು ಬಂಗಾರ, ದಯವಿಟ್ಟು ರದ್ದಿಗೆ ಹಾಕಬೇಡಿ. ಆದರೆ ತಪ್ಪುಗಳನ್ನು ಜಾತಿ ಮಾಡಿ ನೋಡಬೇಕು. ಶಕಾರ ಷಕಾರ ಅದಲುಬದಲಾಗಿದ್ದರೆ ಅದು ಕಿವಿಯ ತಪ್ಪಲ್ಲ, ನಮ್ಮ ಮಾತಿನಲ್ಲೇ ಬಹುಮಟ್ಟಿಗೆ ಆ ಎರಡು ಬೇರೆಯಾಗಿ ಉಳಿದಿಲ್ಲ. ಮಹಾಪ್ರಾಣದ್ದೂ ಅದೇ ಕಥೆ. ಹೆಚ್ಚಿನ ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣವನ್ನು ಉಚ್ಚರಿಸುವುದಿಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ದೊಡ್ಡ ಚರ್ಚೆಯಾಯಿತು. ಬರಹ ಬದಲಿಸಬೇಕೇ ಎಂಬ ಅವರ ಮುಂದಿನ ಮಾತನ್ನು ಒಪ್ಪಿ ಬಿಡಿ, ಕಿವಿಯ ಮಟ್ಟಿಗೆ ಆ ಗಮನಿಕೆ ಸರಿ. ಹಿಂದಿ ಮನೆಯ ಮಗು 'ಬಾಷೆ' ಎಂದು ಬರೆದರೆ ಅದು ಕೇಳಿಸಿದ್ದನ್ನೇ ಪ್ರಾಮಾಣಿಕವಾಗಿ ಬರೆದಿದೆ. ಆಲಿಸುವ ಪಾಠದಲ್ಲಿ ಅದಕ್ಕೆ ಕೆಂಪು ಗೆರೆ ಬೀಳಬಾರದು. ಕತ್ತೆಗೆ ಬದಲು ಕತೆ ಬಂದಿದ್ದರೆ, ಬೇಡದ ಕಡೆ ಬೇಕು ಬಂದಿದ್ದರೆ, ಎರಡು ಪದ ಸೇರಿ ಇಲ್ಲದ ಮೂರನೆಯ ಪದವೊಂದು ಹುಟ್ಟಿದ್ದರೆ ಅಲ್ಲಿ ನಿಲ್ಲಬೇಕು. ಮುಂದಿನ ವಾರ ಏನು ಕೇಳಿಸಬೇಕು ಎಂಬುದನ್ನು ಆ ಹಾಳೆಗಳೇ ಹೇಳುತ್ತವೆ. ಇನ್ನೊಂದು ಮಾತು: ಸದಾ ಹಿಂದೆ ಬೀಳುವ ಮಗುವಿದ್ದರೆ, ಭಾಷೆಯ ಮೇಲೆ ದೂರು ಹೊರಿಸುವ ಮೊದಲು ಅದಕ್ಕೆ ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದು ತಪಾಸಣೆ ಮಾಡಿಸಿ.

'ಯಾವ ಕನ್ನಡವನ್ನು ಕೇಳಿಸುವುದು?' ಎಂದು ಕೇಳುವವರಿದ್ದಾರೆ. ನಮ್ಮ ಮೆಟ್ರೊದಲ್ಲಿ ನಿಲ್ದಾಣಗಳ ಹೆಸರು ಹೇಳಿದ ಅಪರ್ಣಾ ಅವರ ಕನ್ನಡ ಎಷ್ಟು ಸ್ಪಷ್ಟ, ಎಷ್ಟು ಚೆಂದ! 2024ರಲ್ಲಿ ಅವರು ತೀರಿಕೊಂಡಾಗ ಕನ್ನಡ ಬಾರದ ಪ್ರಯಾಣಿಕರಿಗೂ ಪರಿಚಿತರೊಬ್ಬರು ಹೋದಂತೆ ಅನ್ನಿಸಿತು. ಕಲಿಕೆ ಅಂಥ ಕನ್ನಡದಿಂದ ಆರಂಭವಾಗಲಿ. ಆದರೆ ಮೆಟ್ರೊ ಇಳಿದು ಆಟೊ ಹತ್ತಿದ ತಕ್ಷಣ ಕಲಿಕೆ ನಿಂತುಹೋಗಬಾರದು. ಆಟೊದವರು ಕೋಲಾರದವರಿರಬಹುದು, ಮಂಡ್ಯದವರಿರಬಹುದು. ಆಫೀಸಿನಲ್ಲಿ ಧಾರವಾಡದವರು 'ನಾಳೆ ಬರ್ಲಿಕ್ಕೆ ಆಗೂದಿಲ್ಲಂತ ಹೇಳ್ಯಾರ' ಎಂದರೆ, ಮಂಗಳೂರಿನವರು 'ಬರ್ಲಿಕ್ಕೆ ಆಗುದಿಲ್ಲಂತೆ' ಎಂದರೆ ಎರಡೂ ಹಿಡಿಯಬೇಕು. ಎಲ್ಲ ಜಿಲ್ಲೆಗಳ ಮಾತನ್ನೂ ಆಡಲು ಯಾರೂ ಕಲಿಯಬೇಕಿಲ್ಲ. ಕೇಳಿ ತಿಳಿಯುವ ವ್ಯಾಪ್ತಿ ಆಡುವ ವ್ಯಾಪ್ತಿಗಿಂತ ಯಾವಾಗಲೂ ದೊಡ್ಡದಿರುತ್ತದೆ, ದೊಡ್ಡದಿರಲೇಬೇಕು. ನಾವು ನೀವೆಲ್ಲ ಕನ್ನಡದಲ್ಲಿ ಬದುಕುತ್ತಿರುವುದೂ ಹಾಗೆಯೇ.

ಅರವತ್ತು ಮಕ್ಕಳ ತರಗತಿ, ಹೊರಗೆ ಟ್ರಾಫಿಕ್ಕಿನ ಗದ್ದಲ, ಮುಗಿಯದ ಪಾಠಗಳು ಎಂಬ ಆಕ್ಷೇಪ ಬರುತ್ತದೆ. ನಿಜವಾದ ಆಕ್ಷೇಪವೇ. ಆದರೆ ನಾನು ಕೇಳುತ್ತಿರುವುದು ವಾರಕ್ಕೆ ಒಂದು ಪೀರಿಯಡ್‌ನ ಅರ್ಧ. ರೇಡಿಯೊ ಕಾಲದಲ್ಲಿ ಆಕಾಶವಾಣಿಯ 'ಕೇಳಿ-ಕಲಿ', 'ಚುಕ್ಕಿ-ಚಿನ್ನ' ಪಾಠಗಳನ್ನು ಸರ್ಕಾರಿ ಶಾಲೆಗಳಲ್ಲಿ ಇದಕ್ಕಿಂತ ಕಡಿಮೆ ಅನುಕೂಲದಲ್ಲಿ ನಡೆಸಿದವರು ನಮ್ಮ ಅಧ್ಯಾಪಕರೇ.

ಪಠ್ಯಪುಸ್ತಕ ರಚಿಸುವವರಲ್ಲಿ ನನ್ನದೊಂದು ಬೇಡಿಕೆ. ಈಗಿನ ಪುಸ್ತಕಗಳ ಪಾಠಗಳಲ್ಲಿ ದೀಕ್ಷಾ ವೇದಿಕೆಗೆ ಕರೆದೊಯ್ಯುವ ಕ್ಯೂಆರ್ ಕೋಡ್ ಅಚ್ಚಾಗುತ್ತಿದೆ. ಆ ಚೌಕದ ಹಿಂದೆ ಪಾಠದ ವಾಚನವನ್ನಷ್ಟೇ ಇಡಬೇಡಿ. ಬೀದರಿನಿಂದ ಚಾಮರಾಜನಗರದವರೆಗಿನ ಹೆಂಗಸರು, ಗಂಡಸರು, ಮುದುಕರು, ಮಕ್ಕಳು ತಮ್ಮ ಪಾಡಿಗೆ ತಾವು ಆಡಿದ ಅರ್ಧ ಅರ್ಧ ನಿಮಿಷದ ಮಾತುಗಳನ್ನು, ಅವುಗಳ ಬರಹ ರೂಪದ ಜೊತೆಗೆ, ಪಾಠಕ್ಕೊಂದರಂತೆ ಇಡಿ. ದ್ವಿತೀಯ ಭಾಷೆಯ 20 ಆಂತರಿಕ ಅಂಕಗಳಲ್ಲಿ ಐದನ್ನಾದರೂ ಕೇಳಿ ತಿಳಿಯುವುದಕ್ಕೇ ಮೀಸಲಿಡಿ. ಅದು ಆಗುವ ತನಕ ಕಾಯದೆ, ಇಲ್ಲಿರುವ ಅಧ್ಯಾಪಕರು ಮುಂದಿನ ವಾರದ ಉಕ್ತಲೇಖನವನ್ನು ಪುಸ್ತಕದಿಂದ ಕೊಡುವ ಬದಲು ಬೀದಿಯಿಂದ ಕೊಡಿ, ಮತ್ತು ತಪ್ಪಿದ ಮಗುವಿನ ಹಾಳೆಗೆ ಅಂಕ ಹಾಕುವ ಮೊದಲು 'ನಿನಗೆ ಏನು ಕೇಳಿಸಿತು?' ಎಂದು ಕೇಳಿ.